ತಾಸಿನ ಬಾಡಿಗೆ, ನಿಮಿಷದ ತಕರಾರು

ಜಮಖಂಡಿ, ಮುಧೋಳ, ಬೀಳಗಿ ಕಡೆಯ ಕಬ್ಬಿನ ಹೊಲಗಳಲ್ಲಿ ಒಡ್ಡು ಹಾಕಲು, ಪೈಪ್‌ಲೈನಿಗೆ ತಗ್ಗು ತೋಡಲು ಜೆಸಿಬಿ ಬರುತ್ತದೆ. ಬಾಡಿಗೆ ತಾಸಿನ ಲೆಕ್ಕದಲ್ಲಿ. ರಬಕವಿ-ಬನಹಟ್ಟಿಯಲ್ಲಿ ಮಗ್ಗದ ಕೂಲಿಯನ್ನು ನೇಯ್ದ ಬಟ್ಟೆ ನೋಡಿ ಕೊಡುವುದರಿಂದ ಅಲ್ಲಿ ಗಡಿಯಾರದ ಗೊಡವೆ ಕಡಿಮೆ. ತಾಸಿನ ಬಾಡಿಗೆಯಲ್ಲಿ ಮಾತ್ರ ಹತ್ತು ನಿಮಿಷಕ್ಕೂ ಜಗಳ ಹುಟ್ಟುತ್ತದೆ.

ಪರಿಚಯದವರ ಬಿಲ್‌ಗಳನ್ನು ಎಕ್ಸೆಲ್‌ನಲ್ಲಿ ಸರಿಪಡಿಸಿಕೊಡುವ ಈ ಅಂಕಣಕಾರನ ಮುಂದೆ ಮುಧೋಳ ಕಡೆಯ ಜೆಸಿಬಿ ಮಾಲೀಕರೊಬ್ಬರು ಮೂರು ದಿನದ ಲೆಕ್ಕ ಇಟ್ಟರು: 2:20, 1:10, 3:05. ದರ ತಾಸಿಗೆ 1,200 ರೂಪಾಯಿ. ಮೊದಲ ಸಾಲಿನ ಮೊತ್ತ 116.67.

‘ಇದೇನ್ರೀ ಸರ, ಎರಡ ತಾಸಿನ ಮ್ಯಾಲ ಗಾಡಿ ಓಡೇತಿ, ನೂರಾ ಹದಿನಾರ ರೂಪಾಯಿ ಅಂತೈತಲ್ಲ?’

ಎಕ್ಸೆಲ್ ಸಮಯವನ್ನು ದಿನದ ಭಾಗವಾಗಿ ಇಟ್ಟುಕೊಳ್ಳುತ್ತದೆ. ಒಂದು ತಾಸು ಅಂದರೆ ದಿನದ 24ನೇ ಪಾಲು. ಸಮಯವನ್ನು 24ರಿಂದಲೂ ದರದಿಂದಲೂ ಗುಣಿಸಿದರೆ ಸರಿಯಾದ 2,800 ಬರುತ್ತದೆ. 2:20ರ ಬದಲು 2.20 ಎಂದು ಬರೆದು ದರದಿಂದಷ್ಟೇ ಗುಣಿಸಿದರೆ 2,640. ಮಾಲೀಕರಿಗೆ 160 ರೂಪಾಯಿ ಖೋತಾ. ದಶಮಾಂಶದಲ್ಲಿ ತೋರಿಸುವ ಅವರ್ ಮೀಟರಿನಲ್ಲಾದರೆ 2.2 ಅಂದರೆ 2 ತಾಸು 12 ನಿಮಿಷ. ಆ ರೀಡಿಂಗನ್ನು 24ರಿಂದ ಗುಣಿಸಬಾರದು.

ಇನ್ನು ನಿಮಿಷಗಳನ್ನು ಸರಿಹೊಂದಿಸುವ ವಿಚಾರ. ಇದ್ದದ್ದನ್ನು ಇದ್ದ ಹಾಗೆ ಕೂಡಿಸಿದರೆ 6 ತಾಸು 35 ನಿಮಿಷ, 7,900 ರೂಪಾಯಿ. ಪ್ರತಿ ದಿನದ ಸಮಯವನ್ನು ‘ಸೀಲಿಂಗ್’ ಸೂತ್ರದಿಂದ ಮುಂದಿನ ಕಾಲು ತಾಸಿಗೆ ಏರಿಸಿದರೆ 8,400. ಒಟ್ಟು ಸಮಯವನ್ನಷ್ಟೇ ಏರಿಸಿದರೆ 8,100. ಪ್ರತಿ ದಿನದ್ದನ್ನು ‘ಎಂರೌಂಡ್’ನಿಂದ ಹತ್ತಿರದ ಕಾಲು ತಾಸಿಗೆ ತಂದರೆ 7,800. ಕೆಲಸ ಒಂದೇ, ಹೊಲ ಒಂದೇ. ಬಿಲ್‌ನಲ್ಲಿ 600 ರೂಪಾಯಿ ಅಂತರ!

ಹಾಗಾಗಿ ಯಾವ ಪದ್ಧತಿ ಎಂಬುದನ್ನು ಗಾಡಿ ಹೊಲಕ್ಕೆ ಇಳಿಯುವ ಮುನ್ನವೇ ರೈತನಿಗೆ ಹೇಳಬೇಕು. ದಿನದಿನಕ್ಕೆ ಏರಿಸುವ ಬದಲು ಕೊನೆಗೆ ಒಟ್ಟು ಸಮಯವನ್ನು ಒಮ್ಮೆ ಏರಿಸುವುದು ಇಬ್ಬರಿಗೂ ನ್ಯಾಯ ಎಂಬುದು ಈ ಅಂಕಣಕಾರನ ಖಚಿತ ಅಭಿಪ್ರಾಯ. ಏರಿಸುವ ಮೊದಲು ಸಮಯವನ್ನು 1,440ರಿಂದ ಗುಣಿಸಿ ‘ರೌಂಡ್’ನಿಂದ ಪೂರ್ಣ ನಿಮಿಷಕ್ಕೆ ತರುವುದು ಒಳ್ಳೆಯದು. ಇಲ್ಲವಾದರೆ ದಶಮಾಂಶದ ಕೊನೆಯಲ್ಲಿ ಉಳಿದ ಅತಿಸಣ್ಣ ಅಂಶವೇ ಒಮ್ಮೊಮ್ಮೆ ಇನ್ನೊಂದು ಕಾಲು ತಾಸು ಸೇರಿಸಿಬಿಡುತ್ತದೆ.

ಜಿಎಸ್‌ಟಿ ಮೊತ್ತಕ್ಕೆ 2017ರ ಕಾಯ್ದೆಯ 170ನೇ ಸೆಕ್ಷನ್ ಇದೆ: 50 ಪೈಸೆ ಅಥವಾ ಹೆಚ್ಚಿದ್ದರೆ ಮುಂದಿನ ರೂಪಾಯಿ, ಕಡಿಮೆಯಿದ್ದರೆ ಬಿಡುವುದು. ಬಾಡಿಗೆಯ ನಿಮಿಷಗಳಿಗೆ ಅದು ಅನ್ವಯಿಸದು. ಅಲ್ಲಿ ಇಬ್ಬರ ಒಪ್ಪಂದವೇ ಆಧಾರ. ಆದ್ದರಿಂದ ಬಿಲ್‌ನಲ್ಲಿ ಓಡಿದ ಸಮಯಕ್ಕೊಂದು, ಹಣ ಕೇಳುವ ಸಮಯಕ್ಕೊಂದು ಕಾಲಂ ಇರಲಿ. ಕೆಳಗೆ ‘ಒಟ್ಟು ಸಮಯ ಮುಂದಿನ ಕಾಲು ತಾಸಿಗೆ’ ಎಂಬ ಸಾಲೂ ಇರಲಿ.