ಅಪ್ಪನಿಗೆ ಹೇಳದೆ ರಕ್ತಪರೀಕ್ಷೆ ಮಾಡಿಸಬಹುದೇ?

ಪ್ರಶ್ನೆ: ನಮ್ಮ ತಂದೆಗೆ 61 ವರ್ಷ. ಲಿವರ್‌ನಲ್ಲಿ ಕ್ಯಾನ್ಸರ್ ಗಡ್ಡೆ ಇತ್ತು, ಮೂರು ತಿಂಗಳ ಹಿಂದೆ ಆಪರೇಷನ್ ಮಾಡಿ ತೆಗೆದರು. ಮೊದಲಿನಿಂದಲೂ ಹೆಪಟೈಟಿಸ್ ಬಿ ಇತ್ತಂತೆ. ಕ್ಯಾನ್ಸರ್ ಎಂದು ಅವರಿಗೆ ಹೇಳಿಲ್ಲ, ಬರೀ ಗಡ್ಡೆ ಎಂದಿದ್ದೇವೆ. ಗಡ್ಡೆ ಹೋಯಿತಲ್ಲ, ಇನ್ನೇಕೆ ಎಂದು ಈಚೆಗೆ ಮಾತ್ರೆಯನ್ನೂ ಸರಿಯಾಗಿ ನುಂಗುತ್ತಿಲ್ಲ. ರಕ್ತದಲ್ಲಿರುವ ಆರ್‌ಎನ್‌ಎ ನೋಡಿದರೆ ಕಾಯಿಲೆ ಮರುಕಳಿಸುತ್ತದೋ ಇಲ್ಲವೋ, ಎಷ್ಟು ವರ್ಷ ಬದುಕುತ್ತಾರೆ ಎಂಬುದೆಲ್ಲ ತಿಳಿಯುತ್ತದೆ ಎಂದು ತಮ್ಮ ಎಲ್ಲೋ ಓದಿದ್ದಾನೆ. ಶುಗರ್ ಟೆಸ್ಟ್ ಎಂದು ಹೇಳಿ ಈ ಪರೀಕ್ಷೆ ಮಾಡಿಸಬಹುದೇ? ನನಗೆ ರಾತ್ರಿ ನಿದ್ದೆ ಬರುತ್ತಿಲ್ಲ.
– ಹೆಸರು ಬೇಡ, ತುಮಕೂರು ಜಿಲ್ಲೆ

ಉತ್ತರ: ಆರ್‌ಎನ್‌ಎ ವಿಷಯಕ್ಕೆ ಆಮೇಲೆ ಬರುತ್ತೇನೆ. ಪತ್ರದ ನಡುವೆ ಒಂದೇ ಸಾಲಿನಲ್ಲಿ ಹೇಳಿ ಮುಂದೆ ಹೋಗಿಬಿಟ್ಟಿದ್ದೀರಲ್ಲ, ಆ ಮಾತ್ರೆಯ ಸಂಗತಿ, ನನಗೆ ಗಾಬರಿ ಹುಟ್ಟಿಸಿದ್ದು ಅದು. ಮಾತ್ರೆಯ ಪಟ್ಟಿಯ ಮೇಲೆ ಟೆನೊಫೊವಿರ್ ಅಥವಾ ಎಂಟೆಕಾವಿರ್ ಎಂದಿದೆಯೇ ನೋಡಿ. ಇದ್ದರೆ ಅದು ಗಡ್ಡೆಗೆ ಕೊಟ್ಟಿದ್ದಲ್ಲ, ವೈರಸ್ಸಿಗೆ ಕೊಟ್ಟಿದ್ದು. ಗಡ್ಡೆ ಹೋಗಿದೆ, ಹೆಪಟೈಟಿಸ್ ಬಿ ವೈರಸ್ ಉಳಿದ ಲಿವರ್‌ನಲ್ಲಿ ಹಾಗೇ ಇದೆ. ಮಾತ್ರೆ ದಿನವೂ ಹೋದರೆ ಕ್ಯಾನ್ಸರ್ ಮರಳುವ ಸಂಭವ ಕಡಿಮೆಯಾಗುತ್ತದೆ. ನಡುವೆ ಕೈಬಿಟ್ಟರೆ ವೈರಸ್ ಕೆರಳಿ ಕಾಮಾಲೆ ಬರಬಹುದು, ಲಿವರ್ ಕೆಲಸವನ್ನೇ ನಿಲ್ಲಿಸುವ ಅಪಾಯವೂ ಇದೆ. ಇವತ್ತೇ ಡಾಕ್ಟರಿಗೆ ಫೋನ್ ಮಾಡಿ, ಎಷ್ಟು ದಿನದ ಮಾತ್ರೆ ತಪ್ಪಿದೆ ಎಂದು ತಿಳಿಸಿ.

ಇನ್ನು ನಿಮ್ಮ ತಮ್ಮ ಓದಿದ್ದು. ಅದು ಗಾಳಿಸುದ್ದಿಯಲ್ಲ. ನಮ್ಮ ಡಿಎನ್‌ಎಯಲ್ಲಿ ಪ್ರೋಟೀನಿಗೆ ಸೂತ್ರ ಕೊಡುವ ಭಾಗ ಶೇ 2ಕ್ಕಿಂತ ಕಡಿಮೆ. ಉಳಿದ ಭಾಗದಿಂದಲೂ ಆರ್‌ಎನ್‌ಎ ಹುಟ್ಟುತ್ತದೆ. ಅದರಿಂದ ಪ್ರೋಟೀನ್ ತಯಾರಾಗದಿದ್ದರೂ ಯಾವ ಜೀನ್ ಎಷ್ಟು ಕೆಲಸ ಮಾಡಬೇಕು ಎಂಬ ಹತೋಟಿಯಲ್ಲಿ ಅದರ ಪಾಲೂ ಇದೆ. ಇವುಗಳಲ್ಲಿ ಮೈಕ್ರೋಆರ್‌ಎನ್‌ಎ ಎಂಬ ಪುಟಾಣಿ ಬಗೆಯನ್ನು ಒಂದು ಸಣ್ಣ ಹುಳುವಿನಲ್ಲಿ ಕಂಡುಹಿಡಿದು 1993ರಲ್ಲಿ ಪ್ರಕಟಿಸಿದ ವಿಕ್ಟರ್ ಆಂಬ್ರೋಸ್ ಮತ್ತು ಗ್ಯಾರಿ ರವ್‌ಕುನ್ ಅವರಿಗೆ 2024ರಲ್ಲಿ ನೊಬೆಲ್ ಬಂತು. ಲಿವರ್ ಕೋಶಗಳಲ್ಲಿ ಇಂಥದ್ದೊಂದು ಹೇರಳವಾಗಿದೆ, ಮಿಆರ್-122 ಎನ್ನುತ್ತಾರೆ. ಅಲ್ಲಿನ ಮೈಕ್ರೋಆರ್‌ಎನ್‌ಎಯಲ್ಲಿ ಸುಮಾರು ಶೇ 70 ಇದೇ. ಗಡ್ಡೆಯೊಳಗೆ ಇದು ಕುಸಿದಿದ್ದವರಲ್ಲಿ ಕ್ಯಾನ್ಸರ್ ಹೆಚ್ಚು ಹರಡುವುದು ಕಂಡುಬಂದಿದೆ. ಮಿಆರ್-21, ಎಚ್‌ಯುಎಲ್‌ಸಿ ಎಂಬ ಬೇರೆ ಕೆಲವು ಆರ್‌ಎನ್‌ಎಗಳು ಗಡ್ಡೆಯಲ್ಲಿ ಏರುತ್ತವೆ.

ಆದರೆ ಇದನ್ನು ನಿಮ್ಮ ತಂದೆಯ ರಕ್ತದಲ್ಲಿ ನೋಡಿ ಭವಿಷ್ಯ ಹೇಳಲು ಹೊರಟರೆ ತೊಡಕು ಶುರುವಾಗುತ್ತದೆ. ಲಿವರ್‌ಗೆ ಯಾವ ಪೆಟ್ಟು ಬಿದ್ದರೂ, ಅದು ಮದ್ಯದಿಂದಿರಲಿ, ಕೆರಳಿದ ಹೆಪಟೈಟಿಸ್‌ನಿಂದಿರಲಿ, ಮಿಆರ್-122 ರಕ್ತಕ್ಕೆ ಸೋರುತ್ತದೆ. ರಕ್ತ ತೆಗೆಯುವಾಗ ಕೆಂಪು ಕಣಗಳು ಒಡೆದರೆ ಇನ್ನು ಕೆಲವು ಮೈಕ್ರೋಆರ್‌ಎನ್‌ಎಗಳ ಲೆಕ್ಕವೇ ತಪ್ಪುತ್ತದೆ. ಇದಕ್ಕಿಂತ ನನಗೆ ದೊಡ್ಡದೆನಿಸುವ ತೊಂದರೆ ಬೇರೆ. ಅಮೆರಿಕದ ಕ್ಯಾನ್ಸರ್ ಜೀನೋಮ್ ಅಟ್ಲಾಸ್‌ನಲ್ಲಿ ಸುಮಾರು 370 ಲಿವರ್ ಗಡ್ಡೆಗಳ ಮಾಹಿತಿ ಎಲ್ಲರಿಗೂ ಸಿಗುತ್ತದೆ. ತಂಡದ ಮೇಲೆ ತಂಡ ಅದನ್ನೇ ಜಾಲಾಡಿ ಐದೋ ಹತ್ತೋ ಆರ್‌ಎನ್‌ಎಗಳ ಪಟ್ಟಿ ಹೊರಡಿಸುತ್ತಿವೆ. ಒಬ್ಬರ ಪಟ್ಟಿ ಇನ್ನೊಬ್ಬರದಕ್ಕೆ ಕೂಡುವುದಿಲ್ಲ. ರೋಗಿಗಳನ್ನು ಎರಡು ಗುಂಪು ಮಾಡಿ ಈ ಗುಂಪಿಗಿಂತ ಆ ಗುಂಪಿಗೆ ಅಪಾಯ ಹೆಚ್ಚು ಎನ್ನುವುದು ಒಂದು, ನಿಮ್ಮ ತಂದೆ ಇಷ್ಟು ವರ್ಷ ಇರುತ್ತಾರೆ ಎನ್ನುವುದೇ ಇನ್ನೊಂದು. ಎರಡನೆಯದನ್ನು ಈ ಪರೀಕ್ಷೆಗಳು ಹೇಳಲಾರವು.

ಹೋಗಲಿ, ಅಪಾಯ ಹೆಚ್ಚು ಎಂದೇ ಫಲಿತಾಂಶ ಬಂತು ಎನ್ನಿ. ಚಿಕಿತ್ಸೆಯಲ್ಲಿ ಏನು ಬದಲಾಗುತ್ತದೆ? ಆಪರೇಷನ್ ಆದಮೇಲೆ ಕ್ಯಾನ್ಸರ್ ಮರಳದಂತೆ ತಡೆಯಲು ಎಲ್ಲರೂ ಒಪ್ಪಿದ ಔಷಧಿ ಇನ್ನೂ ಇಲ್ಲ. ಅಟೆಜೊಲಿಜುಮ್ಯಾಬ್, ಬೆವಾಸಿಜುಮ್ಯಾಬ್ ಜೋಡಿ ಮೊದಮೊದಲು ಆಸೆ ಹುಟ್ಟಿಸಿತ್ತು. ರೋಗಿಗಳನ್ನು ಇನ್ನಷ್ಟು ಕಾಲ ಗಮನಿಸಿದಾಗ ಆ ಲಾಭ ಉಳಿಯಲಿಲ್ಲ. ಫಲಿತಾಂಶ ಏನೇ ಬರಲಿ, ಮಾಡಬೇಕಾದ್ದು ಅದೇ: ಮೊದಲ ಎರಡು ವರ್ಷ ಸಾಮಾನ್ಯವಾಗಿ ಮೂರು ನಾಲ್ಕು ತಿಂಗಳಿಗೊಮ್ಮೆ ಸಿಟಿ ಅಥವಾ ಎಂಆರ್‌ಐ, ಜೊತೆಗೆ ಎಎಫ್‌ಪಿ ರಕ್ತಪರೀಕ್ಷೆ. ಮುಚ್ಚಿಟ್ಟು ಪ್ರಯೋಜನವಿಲ್ಲ, ಈ ಕ್ಯಾನ್ಸರ್ ಐದು ವರ್ಷದೊಳಗೆ ಅರ್ಧಕ್ಕಿಂತ ಹೆಚ್ಚು ಜನರಲ್ಲಿ ಮರಳುತ್ತದೆ. ಚಿಕ್ಕದಿರುವಾಗಲೇ ಸಿಕ್ಕರೆ ಸೂಜಿ ಚುಚ್ಚಿ ಸುಡುವುದು, ಮತ್ತೊಮ್ಮೆ ಆಪರೇಷನ್, ಕೆಲವರಿಗೆ ಲಿವರ್ ಕಸಿ, ಹೀಗೆ ದಾರಿಗಳಿವೆ. ಆದ್ದರಿಂದ ಆ ತಾರೀಖುಗಳನ್ನು ತಪ್ಪಿಸಬೇಡಿ.

ಅಪಾಯದ ಅಂದಾಜು ಬೇಕೇ ಬೇಕೆಂದರೆ ನಿಮ್ಮ ಮನೆಯ ಫೈಲಿನಲ್ಲೇ ಬೇಕಾದಷ್ಟಿದೆ. ಆಪರೇಷನ್ ನಂತರದ ಬಯಾಪ್ಸಿ ರಿಪೋರ್ಟ್ ತೆಗೆಯಿರಿ. ಗಡ್ಡೆ ಎಷ್ಟು ಸೆಂಟಿಮೀಟರ್, ಒಂದೇ ಇತ್ತೇ, ‘ಮೈಕ್ರೋವ್ಯಾಸ್ಕುಲರ್ ಇನ್ವೇಷನ್’, ಅಂದರೆ ಸಣ್ಣ ರಕ್ತನಾಳಗಳಿಗೆ ಹೊಕ್ಕಿತ್ತೇ, ಉಳಿದ ಲಿವರ್‌ನಲ್ಲಿ ಸಿರೋಸಿಸ್ ಇದೆಯೇ ಎಂಬುದನ್ನು ಡಾಕ್ಟರ ಮುಂದೆ ಕೂತು ಒಂದೊಂದಾಗಿ ಕೇಳಿ. ಮುಂದೆ ಆಸ್ಪತ್ರೆಯವರೇ ಸಂಶೋಧನೆಗೆಂದು ಆರ್‌ಎನ್‌ಎ ಮಾದರಿ ಕೇಳಿದರೆ ಧಾರಾಳವಾಗಿ ಕೊಡಬಹುದು. ಆದರೆ ಕೊಡುವವರು ನಿಮ್ಮ ತಂದೆ, ತಿಳಿದು ಕೊಡಬೇಕು.

ಶುಗರ್ ಟೆಸ್ಟ್ ಎಂದು ಹೇಳಿ ರಕ್ತ ತೆಗೆಸುವುದು ಬೇಡ. ಅವರನ್ನು ನೋಯಿಸಬಾರದೆಂದು ಮುಚ್ಚಿಟ್ಟಿದ್ದೀರಿ, ನಿಮ್ಮ ಸಂಕಟ ನನಗೆ ಅರ್ಥವಾಗುತ್ತದೆ. ಆದರೆ ಅವರು ಮಾತ್ರೆ ಬಿಟ್ಟಿದ್ದು ಆ ಮುಚ್ಚುಮರೆಯಿಂದಲೇ ಅಲ್ಲವೇ? ವಾರ್ಡಿನಲ್ಲಿ ಅಷ್ಟು ದಿನ ಮಲಗಿದ್ದವರು ಏನೂ ಊಹಿಸಿಲ್ಲ ಎಂದು ನನಗನ್ನಿಸುವುದಿಲ್ಲ. ಊಟವಾದ ಮೇಲೆ, ಮನೆಯಲ್ಲಿ ಗಲಾಟೆ ಇಲ್ಲದಾಗ ಪಕ್ಕದಲ್ಲಿ ಕೂತು ಹೇಳಿ: “ಅಪ್ಪಾ, ಆ ಗಡ್ಡೆ ಒಳ್ಳೇದಿರಲಿಲ್ಲ. ಪೂರ್ತಿ ತೆಗೆದಿದ್ದಾರೆ. ಮತ್ತೆ ಬರದೇ ಇರೋ ಹಾಗೆ ನೋಡ್ಕೋಬೇಕು, ಅದಕ್ಕೇ ಈ ಮಾತ್ರೆ.” ಅಷ್ಟು ಹೇಳಿ ಸುಮ್ಮನಾಗಿ. ಅವರು ಕೇಳಿದಷ್ಟಕ್ಕೆ ಉತ್ತರ ಕೊಡಿ. ಕೋಪ ಮಾಡಿಕೊಂಡರೆ ಮಾಡಿಕೊಳ್ಳಲಿ, ಅತ್ತರೆ ಅಳಲಿ. ನಿಮಗೆ ಬಾಯಿ ಬರದಿದ್ದರೆ ಮುಂದಿನ ಭೇಟಿಯಲ್ಲಿ ಡಾಕ್ಟರಿಂದಲೇ ಹೇಳಿಸಿ, ನೀವು ಜೊತೆಗಿರಿ.

ಇನ್ನೊಂದು ಪರೀಕ್ಷೆ ಬಾಕಿ ಇದೆ, ಅದು ನಿಮ್ಮದು. ಹೆಪಟೈಟಿಸ್ ಬಿ ಮನೆಯೊಳಗೇ ಒಬ್ಬರಿಂದೊಬ್ಬರಿಗೆ ಹೋಗುವ ಸೋಂಕು. ನೀವು, ತಮ್ಮ, ತಾಯಿ ಮೂವರೂ ಎಚ್‌ಬಿಎಸ್‌ಎಜಿ ಪರೀಕ್ಷೆ ಮಾಡಿಸಿಕೊಳ್ಳಿ. 2018ರಲ್ಲಿ ಶುರುವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಡಿ ಸರ್ಕಾರಿ ಆಸ್ಪತ್ರೆಗಳಲ್ಲಿ ಪರೀಕ್ಷೆಯೂ ಮಾತ್ರೆಯೂ ಉಚಿತ, ಜಿಲ್ಲಾಸ್ಪತ್ರೆಯಲ್ಲಿ ವಿಚಾರಿಸಿ. ಸೋಂಕು ಇಲ್ಲ, ಲಸಿಕೆಯೂ ಆಗಿಲ್ಲ ಎಂದಾದರೆ ಮೂರು ಡೋಸ್ ಹಾಕಿಸಿಕೊಳ್ಳಿ. ಯಾರಿಗಾದರೂ ಇದೆ ಎಂದು ಗೊತ್ತಾದರೆ ತಡಮಾಡದೆ ಲಿವರ್ ತಜ್ಞರಿಗೆ ತೋರಿಸಿ.