ಹಿತ್ತಿಲಿನ ಹಟಮಾರಿ ಕಳೆ: ಗಡ್ಡೆ ಉಳಿದರೆ ಕೆಲಸ ಉಳಿಯಿತು



ಶಂಕರಪುರದ ಮಲ್ಲಿಗೆ, ಮಟ್ಟುವಿನ ಗುಳ್ಳ, ಕಾರ್ಕಳದ ಕಡೆಯ ಅಡಿಕೆ ತೋಟ, ಮನೆ ಹಿಂದಿನ ಅಲಸಂಡೆ, ಬೆಂಡೆ - ಇವೆಲ್ಲದರಲ್ಲೂ ದುಡಿಯುವವರು ಹೆಚ್ಚಾಗಿ ನಾವು ಹೆಂಗಸರೇ. ನಮ್ಮಲ್ಲಿ ವರ್ಷಕ್ಕೆ ಸುಮಾರು 4,000 ಮಿ.ಮೀ. ಮಳೆ ಬೀಳುತ್ತದೆ. ಬೆಳೆಯ ಜೊತೆ ಕಳೆಯೂ ಏಳುತ್ತದೆ. ಬುಡಕ್ಕೆ ಹಾಕಿದ ಗೊಬ್ಬರವನ್ನು ಕಳೆಯೇ ತಿಂದರೆ ಹೂವೂ ಕಡಿಮೆ, ಉಳಿತಾಯವೂ ಕಡಿಮೆ.

ಶತ್ರುವನ್ನು ಗುರುತಿಸೋಣ

ಕೊನ್ನಾರಿ ಗಡ್ಡೆ: ಮೇಲಿನ ಹುಲ್ಲನ್ನು ಕಿತ್ತರೆ ಇದು ಸಾಯುವುದಿಲ್ಲ. ಮಣ್ಣಿನೊಳಗೆ ಗಡ್ಡೆಗಳು ಸರದ ಹಾಗೆ ಒಂದಕ್ಕೊಂದು ಜೋಡಿಸಿಕೊಂಡಿರುತ್ತವೆ. ಒಂದು ಉಳಿದರೂ ಸಾಕು, ಮತ್ತೆ ಚಿಗುರುತ್ತದೆ.

ಕಮ್ಯುನಿಸ್ಟ್ ಗಿಡ: ಚಳಿಗಾಲದಲ್ಲಿ ಹೂ ಬಿಟ್ಟು, ಬೀಜ ಗಾಳಿಯಲ್ಲಿ ಹಾರುತ್ತದೆ. ಹೂ ಬಿಡುವ ಮೊದಲೇ ಬುಡಸಮೇತ ಕಿತ್ತರೆ ಸೊಪ್ಪು ಗೊಬ್ಬರಕ್ಕಾಯಿತು.

ನಾಚಿಕೆಮುಳ್ಳು: ಎಳೆಯದಿರುವಾಗ ಮಣ್ಣು ಹಸಿ ಇದ್ದರೆ ಬೇರುಸಹಿತ ಬರುತ್ತದೆ. ಕೈಗೆ ದಪ್ಪ ಗವಸು ಇರಲಿ.

ಏನು ಮಾಡಬೇಕು?

1. ಏಪ್ರಿಲ್-ಮೇ ಬಿಸಿಲಿನಲ್ಲಿ, ಪತ್ತನಾಜೆಯ ಮೊದಲು, ಖಾಲಿ ಜಾಗವನ್ನು ಆಳವಾಗಿ ಅಗೆದು ಗಡ್ಡೆಗಳನ್ನು ಮೇಲೆ ಹಾಕಿ. ಬಿಸಿಲಿಗೆ ಒಣಗಿದರೆ ಅವು ಸಾಯುತ್ತವೆ. ಮಳೆ ಬಂದ ಮೇಲೆ ಅಗೆದರೆ ಗಡ್ಡೆಯನ್ನು ನಾವೇ ಹರಡಿದಂತೆ.

2. ಆರಿಸಿದ ಗಡ್ಡೆಯನ್ನು ಗೊಬ್ಬರದ ಗುಂಡಿಗೆ ಹಾಕಬೇಡಿ. ಸುಡುಮಣ್ಣು ಮಾಡುವಾಗ ಅದರೊಳಗೆ ಹಾಕಿ. ಹಸಿ ಸೆಗಣಿಯಲ್ಲೂ ಕಳೆಬೀಜ ಇರುತ್ತದೆ, ಚೆನ್ನಾಗಿ ಕಳಿತ ಗೊಬ್ಬರವನ್ನೇ ಬಳಸಿ.

3. ಮತ್ತೆ ಚಿಗುರಿದ್ದನ್ನು ಹದಿನೈದು ದಿನಕ್ಕೊಮ್ಮೆ ತೆಗೆಯುತ್ತಾ ಇರಿ. ಎಲೆ ಇಲ್ಲದಿದ್ದರೆ ಗಡ್ಡೆಗೆ ಆಹಾರವಿಲ್ಲ, ನಿಧಾನಕ್ಕೆ ಸೊರಗುತ್ತದೆ. ಒಂದೇ ವರ್ಷದಲ್ಲಿ ಮುಗಿಯುವ ಕೆಲಸವಲ್ಲ, ಬೇಸರ ಬೇಡ.

4. ಕೊನ್ನಾರಿಗೆ ನೆರಳು ಆಗದು. ಖಾಲಿ ಜಾಗದಲ್ಲಿ ಗೆಣಸಿನ ಬಳ್ಳಿ ಅಥವಾ ಅಲಸಂಡೆ ದಟ್ಟವಾಗಿ ಹಬ್ಬಿಸಿ. ಬೆಳೆಯ ಸಾಲುಗಳ ನಡುವೆ ತರಗೆಲೆ, ತೆಂಗಿನ ಮಡಲು ಮೂರು-ನಾಲ್ಕು ಇಂಚು ಹಾಸಿ. ಮಲ್ಲಿಗೆಯ ಬುಡಕ್ಕೆ ತಾಗಿಸಬೇಡಿ, ಮಳೆಗಾಲದಲ್ಲಿ ಬುಡ ಕೊಳೆತೀತು.

ಕಳೆನಾಶಕದ ಬಗ್ಗೆ ಎಚ್ಚರ

"ಒಂದು ಸಲ ಹೊಡೆದರೆ ಆಯ್ತಲ್ಲ ಸಿಸ್ಟರ್" ಎಂದು ಕೇಳುವವರಿದ್ದಾರೆ. ಗ್ಲೈಫೋಸೇಟ್ ಗಾಳಿಗೆ ಹಾರಿ ಮಲ್ಲಿಗೆ ಎಲೆಗೆ ಬಿದ್ದರೆ ಗಿಡಕ್ಕೂ ಪೆಟ್ಟು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2015ರಲ್ಲಿ ಅದನ್ನು ಕ್ಯಾನ್ಸರ್ ತರುವ ಸಂಭವವಿರುವ ವಸ್ತುಗಳ ಗುಂಪಿಗೆ ಸೇರಿಸಿತು. 2022ರಲ್ಲಿ ಕೇಂದ್ರ ಸರ್ಕಾರ ಅದರ ಬಳಕೆಗೆ ನಿರ್ಬಂಧದ ಆದೇಶ ಹೊರಡಿಸಿತು. ಪ್ಯಾರಾಕ್ವಾಟ್ ಹೊಟ್ಟೆಗೆ ಹೋದರೆ ಅದಕ್ಕೆ ಪ್ರತಿವಿಷವೇ ಇಲ್ಲ. ಇಂಥ ವಿಷವನ್ನು ಜ್ಯೂಸ್ ಬಾಟಲಿಗೆ ಸುರಿದು ಅಡುಗೆಮನೆಯ ಮೂಲೆಯಲ್ಲಿ ಇಡುವುದು ಮಕ್ಕಳ ಜೀವದೊಂದಿಗೆ ಆಟ. ಎಂಡೋಸಲ್ಫಾನ್ ಕೀಟನಾಶಕದಿಂದ ಕಾಸರಗೋಡು, ದಕ್ಷಿಣ ಕನ್ನಡದ ಮನೆಗಳು ಅನುಭವಿಸಿದ್ದನ್ನು ಕರಾವಳಿಯ ನಾವು ಮರೆಯಬಾರದು. 2011ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ನಿಷೇಧಿಸುವಷ್ಟರಲ್ಲಿ ಆಗಬೇಕಾದ ಹಾನಿ ಆಗಿಹೋಗಿತ್ತು.

ಒಬ್ಬಳಿಂದಾಗದ್ದು ಸಂಘದಿಂದ

ದೊಡ್ಡ ಹಿತ್ತಿಲಿಗೆ ಒಬ್ಬಳ ಸೊಂಟ ಸಾಲದು. ಐದಾರು ಮಂದಿ ಸೇರಿ ಮುಯ್ಯಾಳು ಮಾಡಿಕೊಳ್ಳಿ: ಈ ವಾರ ಒಬ್ಬರ ಮನೆಗೆ, ಮುಂದಿನ ವಾರ ಇನ್ನೊಬ್ಬರ ಮನೆಗೆ. ಕೂಲಿಯೂ ಉಳಿಯಿತು, ಮಾತುಕತೆಯೂ ಆಯಿತು. ಹೆಚ್ಚಿನ ಮಾಹಿತಿಗೆ ಬ್ರಹ್ಮಾವರದ ಕೃಷಿ ವಿಜ್ಞಾನ ಕೇಂದ್ರವನ್ನು ವಿಚಾರಿಸಬಹುದು.

ಸಭೆಯಲ್ಲಿ ಚರ್ಚಿಸಿ:
- ನಮ್ಮ ಹಿತ್ತಿಲಿನಲ್ಲಿ ಅತಿ ಹೆಚ್ಚು ತೊಂದರೆ ಕೊಡುವ ಕಳೆ ಯಾವುದು? ಅದು ಯಾವಾಗ ಹೂ ಬಿಡುತ್ತದೆ?
- ಯಾರ ಮನೆಯಲ್ಲಾದರೂ ಕಳೆನಾಶಕ ಇದೆಯೇ? ಎಲ್ಲಿ ಇಟ್ಟಿದ್ದೀರಿ?
- ಮುಯ್ಯಾಳಿಗೆ ಮೊದಲ ಮನೆ ಯಾವುದು? ದಿನಾಂಕವನ್ನು ಇವತ್ತೇ ನಿರ್ಣಯ ಪುಸ್ತಕದಲ್ಲಿ ಬರೆಯಿರಿ.