ಇದ್ದಿಲ ಪುಡಿಯ ಬೆಸುಗೆ: ಮೈಕ್ರೋವೇವ್‌ನಲ್ಲಿ ನಾರು-ಪ್ಲಾಸ್ಟಿಕ್ ಜೋಡಣೆ

ಹಂಪಿ ಹತ್ರ ತುಂಗಭದ್ರೆ ದಾಟಿಸುವ ಹರಿಗೋಲನ್ನು ನಾವೆಲ್ಲ ನೋಡಿದ್ದೇವೆ. ಸುಮಾರು 1520ರಲ್ಲಿ ಇಲ್ಲಿಗೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೋ ಪಾಯಸ್ ಕೂಡ ಇದರ ಬಗ್ಗೆ ಬರೆದಿದ್ದಾನೆ: ಒಳಗೆ ಬೆತ್ತದ ಹೆಣಿಗೆ, ಹೊರಗೆ ಚರ್ಮ, ಹದಿನೈದಿಪ್ಪತ್ತು ಜನ ಕೂರುವ ಬುಟ್ಟಿ. ಭಾರ ಹೊರೋದು ಹೆಣಿಗೆ, ನೀರು ತಡೆಯೋದು ಹೊದಿಕೆ. ಕ್ಲಾಸಿನಲ್ಲಿ ನಾವು ಓದುವ ಕಾಂಪೋಸಿಟ್‌ನಲ್ಲೂ ಹೀಗೇ ಕೆಲಸ ಹಂಚಿಕೆ: ಬಲ ನಾರಿನದು, ಅದನ್ನು ಹಿಡಿದಿಡುವುದು ಪ್ಲಾಸ್ಟಿಕ್.

ತೊಂದರೆ ಶುರುವಾಗೋದು ಎರಡು ತುಂಡು ಜೋಡಿಸುವಾಗ. ತೂತು ಕೊರೆದು ಬೋಲ್ಟ್ ಹಾಕಿದರೆ ನಾರು ಕತ್ತರಿಸುತ್ತದೆ, ಪದರ ಬಿಡುತ್ತದೆ. ಎಷ್ಟೋ ಅಂಟುಗಳು ಗಟ್ಟಿಯಾಗಲು ಗಂಟೆಗಟ್ಟಲೆ ಬೇಕು. ಪ್ಲಾಸ್ಟಿಕ್ಕನ್ನೇ ಕರಗಿಸಿ ಬೆಸೆಯೋಣ ಅಂದರೆ, ಕಾವು ಜೋಡಣೆಯ ಜಾಗಕ್ಕೆ ಮಾತ್ರ ತಾಗಬೇಕು. ಇಡೀ ತುಂಡು ಮೆತ್ತಗಾಗಬಾರದು.

ಮೈಕ್ರೋವೇವ್ ಒವನ್ನಿನ ಅಲೆಯ ಆವರ್ತನ 2.45 ಗಿಗಾಹರ್ಟ್ಸ್. ಪಾಲಿಪ್ರೊಪಿಲೀನ್ ಈ ಅಲೆಯನ್ನು ಹೀರುವುದು ತೀರಾ ಕಡಿಮೆ, ಹಾಗಾಗಿ ಅಷ್ಟಾಗಿ ಬಿಸಿಯಾಗಲ್ಲ. ಇದ್ದಿಲು ಚೆನ್ನಾಗಿ ಹೀರುತ್ತದೆ. ಎರಡು ತುಂಡುಗಳ ನಡುವೆ ಇದ್ದಿಲ ಪುಡಿ ತೆಳ್ಳಗೆ ಹರಡಿ ಒತ್ತಿ ಹಿಡಿದರೆ, ಕಾವು ಹುಟ್ಟೋದು ಅಲ್ಲೇ, ಕರಗೋದೂ ಅಲ್ಲೇ. ಇಂಥ ವಸ್ತುವಿಗೆ ಸಸೆಪ್ಟರ್ ಅಂತ ಹೆಸರು. ಗಿಡದ ನಾರಿನ ಕಾಂಪೋಸಿಟ್‌ಗಳನ್ನು ಮೈಕ್ರೋವೇವ್‌ನಿಂದ ಬೆಸೆಯುವ ಕೆಲಸವನ್ನು ಐಐಟಿ ರೂರ್ಕಿಯ ಸಂಶೋಧಕರು ಮಾಡಿದ್ದಾರೆ.

ನಮ್ಮ ಹೊಸಪೇಟೆ, ಕಂಪ್ಲಿ ಕಡೆ ಬಾಳೆಗೆ ಬರವಿಲ್ಲ. ಆನೆಗೊಂದಿಯಲ್ಲಿ ಬಾಳೆನಾರಿನಿಂದ ಚೀಲ, ಬುಟ್ಟಿ ಮಾಡುತ್ತಾರೆ. ಅದೇ ನಾರನ್ನು ಪಾಲಿಪ್ರೊಪಿಲೀನ್‌ಗೆ ಸೇರಿಸಿ ಹಾಳೆ ಮಾಡಿ ಬೆಸೆಯುವುದಾದರೆ ಎರಡು ವಿಷಯ ನೆನಪಿಡಬೇಕು. ಒಂದು, ತೇವ. ನಾರಿನಲ್ಲಿರುವ ನೀರು ಅಲೆಯನ್ನು ಹೀರಿ ಆವಿಯಾದರೆ ಒಳಗೆ ಗುಳ್ಳೆ ಬಂದು ಬೆಸುಗೆ ಸಡಿಲ, ಮೊದಲೇ ಒಣಗಿಸಬೇಕು. ಎರಡು, ಉಷ್ಣತೆ. ಪ್ಲಾಸ್ಟಿಕ್ ಕರಗೋದು ಸುಮಾರು 165 ಡಿಗ್ರಿ ಸೆಲ್ಸಿಯಸ್‌ನಲ್ಲಿ. 200 ದಾಟಿದರೆ ಗಿಡದ ನಾರು ಕೆಡತೊಡಗುತ್ತದೆ. ನಮ್ಮ ಕೈಗೆ ಸಿಗುವ ಅಂತರ ಸುಮಾರು 35 ಡಿಗ್ರಿ. ವ್ಯಾಟ್, ಸಮಯ, ಒತ್ತಡ ಇವನ್ನೆಲ್ಲ ಅದರೊಳಗೇ ಹೊಂದಿಸಬೇಕು.

ಎಲ್ಲದಕ್ಕೂ ಇದು ಹೊಂದಲ್ಲ. ಕಾರ್ಬನ್ ನಾರು ವಿದ್ಯುತ್ ಹರಿಸುತ್ತದೆ, ಕಿಡಿ ಹಾರಬಹುದು. ಎಪಾಕ್ಸಿ ಒಮ್ಮೆ ಗಟ್ಟಿಯಾದರೆ ಮತ್ತೆ ಕರಗಲ್ಲ. ಅಲ್ಲಿ ಮೈಕ್ರೋವೇವ್‌ನಿಂದ ಅಂಟನ್ನು ಬೇಗ ಗಟ್ಟಿ ಮಾಡಬಹುದು, ಅಷ್ಟೇ. ಮನೆಯ ಒವನ್ನಿನಲ್ಲಂತೂ ಪ್ರಯೋಗ ಬೇಡ: ಹೊಗೆ, ಬೆಂಕಿ ಎರಡೂ ಅಪಾಯ. ಲ್ಯಾಬಿನಲ್ಲಿ, ಗೈಡ್ ಎದುರಿಗೇ ಮಾಡಬೇಕು.

ಬೆಸೆದ ಮೇಲೆ ಯುಟಿಎಂನಲ್ಲಿ ಎಳೆದು ನೋಡೋಣ. ಬೆಸುಗೆ ಬಿಟ್ಟಿತೋ, ಪಕ್ಕದ ಹಾಳೆ ಹರಿಯಿತೋ? ಹಾಳೆ ಹರಿದರೆ ಬೆಸುಗೆ ಗೆದ್ದ ಹಾಗೆ.